ಸ್ಪಷ್ಟನೆ: ಲೇಸರ್ ಅಣುವಿನ ವಿಡಿಯೋ ತೆಗೆದಿಲ್ಲ

‘ಅಣು (ಮಾಲಿಕ್ಯೂಲ್) ಒಡೆಯುವುದನ್ನು ಲೇಸರ್ ನೇರ ವಿಡಿಯೋ ಮಾಡಿದೆ’ ಎಂದು ಉಡುಪಿಯ ನಮ್ಮ ಪಿಯು ವಿಜ್ಞಾನ ಗ್ರೂಪಿಗೆ ನಾನೇ ಬರೆದಿದ್ದೆ. ಅದು ತಪ್ಪು. ಮೊನ್ನೆ ಮಣಿಪಾಲದ ಬಸ್ಸಿನಲ್ಲಿ ಒಬ್ಬ ಹುಡುಗ ಅದನ್ನೇ ಮೊಬೈಲಲ್ಲಿ ನನಗೆ ತೋರಿಸಿದ. ಅಷ್ಟು ದೂರ ಹೋಗಿದೆ!

ನಡೆಯುವುದು ಹೀಗೆ. ಮೊದಲ ಲೇಸರ್ ಮಿಂಚು ಅಣುಗಳನ್ನು ಒಡೆಯಲು ಶುರು ಮಾಡುತ್ತದೆ. ಎರಡನೆಯದು ಸ್ವಲ್ಪ ತಡವಾಗಿ ಬಂದು ನೋಡುತ್ತದೆ. ಕನ್ನಡಿ ಸರಿಸಿ ಅದರ ದಾರಿಯನ್ನು 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಹೆಚ್ಚು ಉದ್ದ ಮಾಡಿದರೆ ಒಂದು ಫೆಮ್ಟೊಸೆಕೆಂಡ್ ತಡ. ಅಂದರೆ, ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ತಡ ಬದಲಿಸುತ್ತಾ ಮತ್ತೆ ಮತ್ತೆ ಅಳೆದು, ಆಮೇಲೆ ಆ ಅಳತೆಗಳನ್ನು ಜೋಡಿಸುತ್ತಾರೆ. ಅಯೋಡಿನ್ ಸಯನೈಡ್ ಒಡೆಯಲು ಸುಮಾರು 200 ಫೆಮ್ಟೊಸೆಕೆಂಡ್ ಸಾಕೆಂದು ಅಹ್ಮದ್ ಜೆವೇಲ್ ತಂಡ ಕಂಡುಕೊಂಡಿದ್ದು ಹೀಗೆಯೇ. 1999ರ ರಸಾಯನಶಾಸ್ತ್ರದ ನೊಬೆಲ್ ಜೆವೇಲ್ ಅವರಿಗೆ ಬಂತು.

ಹಳೆಯ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.