ವಿನ್32 ಕಲಿಯಲು ಈಗಲೂ ಪೆಟ್ಜೋಲ್ಡ್ ಪುಸ್ತಕವೇ ಬೇಕಾ?

ಪರ: ಬೇಕು, ಮೊದಲ ಪುಟದಿಂದಲೇ

ವಿನ್32 ಅಂದರೆ ವಿಂಡೋಸಿನಲ್ಲಿ ಓಡುವ ಪ್ರೋಗ್ರಾಂಗಳು ನೇರವಾಗಿ ಕರೆಯುವ ಫಂಕ್ಷನ್‌ಗಳ ಗುಂಪು. ಅದರಲ್ಲಿ ವಿಂಡೋ ಪ್ರೋಗ್ರಾಮಿಂಗನ್ನು ತಳದಿಂದ ಕಲಿಯೋಕೆ ಒಂದು ಪುಸ್ತಕ ಹೇಳಿ ಅಂದರೆ ನಾನು ಯೋಚಿಸುವುದೇ ಇಲ್ಲ. ಚಾರ್ಲ್ಸ್ ಪೆಟ್ಜೋಲ್ಡ್ ಬರೆದ ‘ಪ್ರೋಗ್ರಾಮಿಂಗ್ ವಿಂಡೋಸ್’, 1998ರ ಐದನೇ ಆವೃತ್ತಿ. ಆರನೆಯದು ಹೊಸದು ಅಂತ ಅದನ್ನು ತರಬೇಡಿ. ಅದು ವಿಂಡೋಸ್ 8ರ ಆ್ಯಪ್‌ಗಳಿಗಾಗಿ ಸಿ ಶಾರ್ಪ್ ಹಿಡಿದು ಬರೆದದ್ದು. ಐದನೆಯದರಲ್ಲಿ ಅಪ್ಪಟ ಸಿ ಮತ್ತು ವಿನ್32 ಇದೆ.

ಈ ಪುಸ್ತಕಕ್ಕೆ ಅವಸರವಿಲ್ಲ. ಒಂದು ವಿಂಡೋ ತೆರೆದು ನಡುವೆ ಒಂದು ಸಾಲು ತೋರಿಸುವ ಪ್ರೋಗ್ರಾಂ ಸುಮಾರು 70 ಸಾಲು ಇದೆ. ಒಂದೊಂದು ಸಾಲನ್ನೂ ಬಿಡಿಸಿ ಹೇಳುತ್ತಾರೆ. ವಿಂಡೋ ಕ್ಲಾಸ್ (ವಿಂಡೋದ ಅಚ್ಚು) ಯಾಕೆ ಬೇಕು, ಗೆಟ್‌ಮೆಸೇಜ್ ಎಲ್ಲಿಂದ ಸಂದೇಶ (ಕೀ ಒತ್ತಿದರು, ಮೌಸ್ ಸರಿಯಿತು ಎಂಬಂಥ ಸುದ್ದಿ) ತರುತ್ತದೆ, ಡಿಸ್‌ಪ್ಯಾಚ್‌ಮೆಸೇಜ್ ಅದನ್ನು ಯಾರ ಕೈಗೆ ಕೊಡುತ್ತದೆ. ವಿಂಡೋಸೇ ನಮ್ಮ ಫಂಕ್ಷನ್ ಕರೆಯುತ್ತದೆ ಎಂಬುದು ತಲೆಗೆ ಇಳಿದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯ ವಿಷಯ ಹೇಳಲೇಬೇಕು. ತೂಕದ ಯಂತ್ರದಿಂದ ಬರುವ ಅಂಕಿಯನ್ನು ದೊಡ್ಡದಾಗಿ ತೋರಿಸುವ ಪುಟ್ಟ ವಿಂಡೋ ಬರೆದಿದ್ದಳು. ನೋಡೋಕೆ ಎಲ್ಲಾ ಸರಿ. ಆದರೆ ತೆರೆದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಒಂದು ಕೋರ್ ಪೂರ್ತಿ ಅದಕ್ಕೇ ಹೋಗಿತ್ತು. ನೆಟ್ಟಿನಲ್ಲಿ ಕೇಳಿದಳು. ಒಬ್ಬರು ಟೈಮರ್ ಹಾಕು ಅಂದರು, ಇನ್ನೊಬ್ಬರು ಸ್ಲೀಪ್ ಹಾಕು ಅಂದರು. ಕೊನೆಗೆ ಇಬ್ಬರೂ ಕೂತು ಕೋಡ್ ನೋಡಿದೆವು. ವಿಂಡೋದ ಒಳಗನ್ನು ಮತ್ತೆ ಚಿತ್ರಿಸು ಎನ್ನುವ ಡಬ್ಲ್ಯೂಎಂ_ಪೇಂಟ್ ಸಂದೇಶ ಬಂದಾಗ ಬಿಗಿನ್‌ಪೇಂಟ್ ಎಂಬ ಫಂಕ್ಷನ್ ಬದಲು ಗೆಟ್‌ಡಿಸಿ ಕರೆದಿದ್ದಳು. ಚಿತ್ರಿಸೋಕೆ ಎರಡೂ ಅವಕಾಶ ಕೊಡುತ್ತವೆ. ಅಂಕಿಯೇನೋ ಮೂಡುತ್ತದೆ. ಆದರೆ ಆ ಜಾಗದ ಕೆಲಸ ಮುಗಿಯಿತು ಅಂತ ವಿಂಡೋಸಿಗೆ ಗೊತ್ತಾಗುವುದು ಬಿಗಿನ್‌ಪೇಂಟ್‌ನಿಂದ. ಗೊತ್ತಾಗದಿದ್ದರೆ ಅದು ಡಬ್ಲ್ಯೂಎಂ_ಪೇಂಟನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಈ ಸಂದೇಶಕ್ಕೆ ಸರದಿಯಲ್ಲಿ ಕೊನೆಯ ಜಾಗ. ಹಾಗಾಗಿ ಮೌಸ್, ಕೀಬೋರ್ಡ್ ಎಲ್ಲಾ ಎಂದಿನಂತೆ ಓಡುತ್ತವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಇದೆಲ್ಲಾ ಇದೆ. ಅಲ್ಲೇ ಕೂತು ಓದಿದಳು, ಆ ಸಾಲುಗಳನ್ನು ಬದಲಿಸಿದಳು, ಫ್ಯಾನ್ ತಣ್ಣಗಾಯಿತು. ಈಗ ತಂಡದಲ್ಲಿ ವಿಂಡೋ ತಕರಾರು ಬಂದರೆ ಎಲ್ಲರೂ ಅವಳ ಮೇಜಿಗೇ ಹೋಗುತ್ತಾರೆ.

ಹಳೆಯದು ಎನ್ನುವವರಿದ್ದಾರೆ. ಒಳಗೆ ನೋಡದೆ ಇಸವಿ ಓದಿ ಪುಸ್ತಕ ಕೆಳಗಿಡುವವರು ಅವರು. ತಿಂಗಳಿಗೊಂದು ಫ್ರೇಮ್‌ವರ್ಕ್ ಹಿಡಿದು ಬಿಡುವವರಿಗೆ ಇದು ಬೇಡ, ಬಿಡಿ. ಸಂದೇಶ, ಹ್ಯಾಂಡಲ್ (ವಿಂಡೋದಂಥವಕ್ಕೆ ವಿಂಡೋಸ್ ಕೊಡುವ ಗುರುತು), ಡಿವೈಸ್ ಕಾಂಟೆಕ್ಸ್ಟ್ (ಚಿತ್ರಿಸೋಕೆ ವಿಂಡೋಸ್ ಕೊಡುವ ಹಲಗೆಯಂಥದ್ದು) ಮೂರೂ ವಿಂಡೋಸ್ 11ರಲ್ಲೂ ಇವೆ. ಯೂನಿಕ್ಸ್, ಲಿನಕ್ಸ್‌ಗಳಲ್ಲಿ ವಿಂಡೋ ತೋರಿಸುವ 1987ರ ಎಕ್ಸ್11ಕ್ಕೆ ಹೋದರೂ ಎಕ್ಸ್‌ಪೋಸ್ ಎಂಬ ಹೆಸರಿನಲ್ಲಿ ಹೆಚ್ಚುಕಮ್ಮಿ ಇದೇ ಪಾಠ ಸಿಗುತ್ತದೆ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಸಿಕ್ಕರೆ ಚೌಕಾಸಿ ಮಾಡದೆ ತಗೊಳ್ಳಿ.

ವಿರೋಧ: ಹೊಸಬರಿಗೆ ಅದು ಮೊದಲ ಪುಸ್ತಕವಲ್ಲ

ವಿರೋಧದ ಪಾಳಿ ನನಗೆ ಬಂದಿದೆ. ಆ ಪುಸ್ತಕದ ಮೇಲೆ ನನಗೂ ಗೌರವವಿದೆ. ಮೊದಲ ನಾಲ್ಕು ಅಧ್ಯಾಯ ಓದಬೇಡಿ ಎಂದು ಹೇಳಲಾರೆ. ಆದರೂ ಹೊಸಬರ ಕೈಗೆ ಮೊದಲು ಅದನ್ನೇ ಕೊಡುವುದು ಸರಿಯಲ್ಲ.

ಅದು ಸುಮಾರು 1500 ಪುಟದ್ದು. ಅದರಲ್ಲಿ ಯಾವುದು ಈಗ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ಕಲಿಯುವವರಿಗೆ ಹೇಗೆ ಗೊತ್ತಾಗಬೇಕು? ಸ್ಕ್ರೋಲ್‌ಬಾರ್‌ಗೆ ನಮ್ಮದೇ ವಿಂಡೋ ಪ್ರೊಸೀಜರ್ (ಸಂದೇಶ ಪಡೆಯುವ ಫಂಕ್ಷನ್) ಕೂರಿಸುವ ಉದಾಹರಣೆ 64 ಬಿಟ್‌ನಲ್ಲಿ ಕಂಪೈಲೇ ಆಗುವುದಿಲ್ಲ. ಅದರಲ್ಲಿ ಕರೆಯುವ ಸೆಟ್‌ವಿಂಡೋಲಾಂಗ್ ಜಾಗಕ್ಕೆ ಸೆಟ್‌ವಿಂಡೋಲಾಂಗ್‌ಪಿಟಿಆರ್ ಬಂದಿದೆ. ಮಾನಿಟರ್ ಬದಲಾದರೆ ಅಳತೆ ಬದಲಿಸಿಕೋ ಎನ್ನುವ ಡಬ್ಲ್ಯೂಎಂ_ಡಿಪಿಐಚೇಂಜ್ಡ್ ಬಂದದ್ದು 2013ರಲ್ಲಿ, ವಿಂಡೋಸ್ 8.1 ಜೊತೆ. ಇದನ್ನೆಲ್ಲಾ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ವಿಂಡೋ 4ಕೆ ಪರದೆಯಲ್ಲಿ ಮಸುಕಾಗಿ ಕಾಣುತ್ತದೆ. ಮೇಲಿನ ವಿಂಡೋ ಸರಿಸಿದರೆ ಕೆಳಗಿನದಕ್ಕೆ ಡಬ್ಲ್ಯೂಎಂ_ಪೇಂಟ್ ಬರುತ್ತದೆ ಎಂಬ ಪಾಠವೂ ವಿಂಡೋಸ್ ವಿಸ್ಟಾದಿಂದೀಚೆಗೆ ಹಾಗೇ ನಡೆಯುವುದಿಲ್ಲ. ಯಾಕೆಂದರೆ ಪ್ರತಿ ವಿಂಡೋದ ಚಿತ್ರವನ್ನೂ ವಿಂಡೋಸಿನದೇ ಭಾಗವಾದ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಬೇರೆಯಾಗಿ ಇಟ್ಟುಕೊಂಡಿರುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಕನ್ನಡ. ಕೀಬೋರ್ಡ್ ಅಧ್ಯಾಯದಲ್ಲಿ ಟೈಪ್ ಮಾಡಿದ್ದನ್ನು ತೋರಿಸುವ ಪ್ರೋಗ್ರಾಂ ಒಂದಿದೆ. ಅದರಲ್ಲಿ ಒಂದು ಕೋಡ್‌ಗೆ ಒಂದು ಮನೆ ಎಂಬ ಲೆಕ್ಕ. ಇಂಗ್ಲಿಷಿಗೆ ಸರಿಹೋಗುತ್ತದೆ. ‘ಕ್ಷ’ ಬರೆದು ನೋಡಿ. ಒಳಗೆ ಕ, ವಿರಾಮ (ಅ-ಕಾರ ತೆಗೆಯುವ ಗುರುತು), ಷ ಎಂದು ಮೂರು ಕೋಡ್, ಪರದೆಯಲ್ಲಿ ಒಂದೇ ಆಕಾರ. ಆ ಲೆಕ್ಕದಲ್ಲಿ ಕರ್ಸರ್ ಅಕ್ಷರ ಬಿಟ್ಟು ಎಲ್ಲೋ ನಿಲ್ಲುತ್ತದೆ. ಕನ್ನಡಕ್ಕೆ ತುಂಗಾ ಫಾಂಟ್ ಬಂದದ್ದೇ 2001ರ ವಿಂಡೋಸ್ ಎಕ್ಸ್‌ಪಿ ಜೊತೆ. ಒತ್ತಕ್ಷರ ಜೋಡಿಸುವ ಯೂನಿಸ್ಕ್ರೈಬ್, ಆಮೇಲಿನ ಡೈರೆಕ್ಟ್‌ರೈಟ್ ಎರಡನ್ನೂ ಆ ಪುಸ್ತಕ ಕಲಿಸುವುದಿಲ್ಲ. ನಮ್ಮ ಹುಡುಗರು ತಮ್ಮ ಹೆಸರನ್ನೇ ನೆಟ್ಟಗೆ ಮೂಡಿಸಲಾಗದೆ ಕೂರಬೇಕಾ?

ಮೈಕ್ರೋಸಾಫ್ಟ್ ತಾನೇ ಪುಕ್ಕಟೆಯಾಗಿ ಇಟ್ಟಿರುವ ವಿನ್32 ಮತ್ತು ಸಿ++ ಪಾಠಮಾಲೆಯಲ್ಲಿ ಮೊದಲ ವಿಂಡೋ, ಬಿಗಿನ್‌ಪೇಂಟ್, ಡಿಪಿಐ (ಪರದೆಯ ಚುಕ್ಕಿಗಳ ದಟ್ಟಣೆ), ಚಿತ್ರಿಸುವ ಹೊಸ ವಿಧಾನವಾದ ಡೈರೆಕ್ಟ್2ಡಿ ಎಲ್ಲಾ ಇವೆ. ಮೊದಲು ಅದನ್ನು ಮುಗಿಸಲಿ. ಜಿಡಿಐ ಎಂಬ ಹಳೆಯ ಚಿತ್ರಿಸುವ ಫಂಕ್ಷನ್‌ಗಳಲ್ಲಿ ಬರೆದ ಕೋಡ್ ತಿದ್ದುವ ಕೆಲಸ ಸಿಕ್ಕರೆ ಆಗ ಪೆಟ್ಜೋಲ್ಡ್ ಓದಲಿ.