ಗುಲಾಬಿ ನವಿಲು

ಮಣ್ಣಿನ ಪಾತ್ರೆ ಮಾಡೋದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಅದರ ಮೇಲೆ ಚಿತ್ರ ಬರೆಯೋದು ಇನ್ನೂ ಕಷ್ಟ ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ಬೆಂಗಳೂರಿನ ಅರ್ಧ ವರ್ಕ್‌ಶಾಪ್‌ಗಳು ಬಾಗಿಲು ಹಾಕಬೇಕಾಗುತ್ತದೆ.

ನಾನು ಸೇರಿದ ವಾರಾಂತ್ಯದ ಕ್ಲಾಸಿನಲ್ಲಿ ತಿಗರಿ ತಿರುಗಿಸುವ ಗೋಜಿಲ್ಲ. ತಟ್ಟೆ, ಬಟ್ಟಲು ಅವರೇ ಮಾಡಿಟ್ಟಿರುತ್ತಾರೆ. ನಾವು ಸುಮ್ನೆ ಅಲಂಕಾರ ಮಾಡಿದರಾಯ್ತು.

ಮೊದಲು ಸ್ಗ್ರಾಫಿಟೊ. ತಟ್ಟೆಗೆ ಬೇರೆ ಬಣ್ಣದ ತೆಳು ಮಣ್ಣು, ಅಂದರೆ ಸ್ಲಿಪ್ ಬಳಿದು, ಅದನ್ನು ಕೆರೆದು ಚಿತ್ರ ತೆಗೆಯಬೇಕು. ಕೆರೆದ ಕಡೆ ಅಡಿಯ ಮಣ್ಣು ಕಾಣುತ್ತದೆ. ಆದರೆ ತಟ್ಟೆ ‘ಲೆದರ್ ಹಾರ್ಡ್’ ಹದದಲ್ಲಿರಬೇಕು. ಒತ್ತಿದರೆ ಬಗ್ಗಬಾರದು, ಕೆರೆದರೆ ಉದುರಬಾರದು. ಮಳೆಗಾಲದಲ್ಲಿ ಆ ಹದಕ್ಕೆ ನಮ್ಮ ಮೇಲೆ ಯಾವ ಕರುಣೆಯೂ ಇರುವುದಿಲ್ಲ. ಬೆಳಗ್ಗೆ ಕೆರೆದರೆ ಹಸಿಮಣ್ಣು ಉಂಡೆಯುಂಡೆಯಾಗಿ ಮೇಲೆದ್ದಿತು. ಟೀಚರ್ ಫ್ಯಾನ್ ಹಾಕಿದರು. ಟೀ ಕುಡಿದು ಬರೋಷ್ಟರಲ್ಲಿ ಪೂರ್ತಿ ಒಣಗಿ, ಗೆರೆ ಎಳೆದಲ್ಲೆಲ್ಲ ಸ್ಲಿಪ್ ಚಕ್ಕೆ ಚಕ್ಕೆ ಉದುರಿತು. ಹದ ಬಂದು ಹೋದದ್ದು ನಡುವೆ ಎಲ್ಲೋ, ಬಹುಶಃ ನಾವು ಬಿಸ್ಕತ್ತು ಅದ್ದುತ್ತಿದ್ದಾಗ.

ಪಕ್ಕದಲ್ಲಿದ್ದ ಮಂಗಳೂರಿನ ಹುಡುಗಿಯ ಮೀನಿಗೆ ರೆಕ್ಕೆ, ಬಾಲ ಎರಡೂ ಹೋದವು. ಅವಳು ಶಾಂತವಾಗಿ, “ಪರವಾಗಿಲ್ಲ, ಕ್ಲೀನ್ ಮಾಡಿದ ಮೀನು ಅಂತ ಹೇಳ್ತೇನೆ” ಎಂದಳು.

ಆಮೇಲೆ ಸ್ಲಿಪ್ ಟ್ರೇಲಿಂಗ್. ಮೆಹಂದಿ ಕೋನ್ ಹಿಡಿದ ಹಾಗೇ, ಒಳಗಿರೋದು ಮಾತ್ರ ಮಣ್ಣು. ನವಿಲಿನ ಕತ್ತಿನವರೆಗೂ ಗೆರೆ ಸರಾಗವಾಗಿ ಹೋಯಿತು. ಅಷ್ಟರಲ್ಲಿ ಬಾಟಲಿಯೊಳಗಿನ ಗಾಳಿಗುಳ್ಳೆಯೊಂದು ‘ಪುಸ್’ ಅಂದು ನವಿಲಿಗೆ ಗಳಗಂಡ ಬಂತು. “ಒಡವೆ ಅಂದ್ಕೊಳ್ಳಿ” ಎಂದರು ಟೀಚರ್. ಈ ಕಲೆಯಲ್ಲಿ ಸಮಾಧಾನ ಹೇಳೋಕೆ ಬರೋರಿಗೇ ಟೀಚರ್ ಕೆಲಸ ಸಿಗುತ್ತದೆ ಅನ್ನಿಸುತ್ತದೆ.

ಸುಮಾರು 1000 ಡಿಗ್ರಿಯಲ್ಲಿ ಒಂದು ಸಲ ಸುಟ್ಟ ಮೇಲೆ ಬಣ್ಣ ಹಚ್ಚುವ ದಿನ. ನೀಲಿ ಕೇಳಿದರೆ ಗುಲಾಬಿ ಡಬ್ಬಿ ಕೊಟ್ಟರು. ಕೋಬಾಲ್ಟ್ ಕಾರ್ಬೊನೇಟ್ ಹಸಿಯಾಗಿದ್ದಾಗ ನೇರಳೆ ಗುಲಾಬಿಯಂತೆ, ಬೆಂದ ಮೇಲೆ ಕಡು ನೀಲಿಯಂತೆ. ಹೀಗೆ ನಾನು ಗುಲಾಬಿ ನವಿಲು ಬರೆದೆ. ಅದರ ಮೇಲೆ ಬಿಳಿ ಗ್ಲೇಜ್, ಅಂದರೆ ಬೆಂದಾಗ ಕರಗಿ ಗಾಜಿನಂತಾಗುವ ಲೇಪ, ಮುಚ್ಚಿದರು. ಈಗ ನವಿಲೂ ಇಲ್ಲ, ಗುಲಾಬಿಯೂ ಇಲ್ಲ. ಸುಣ್ಣ ಬಳಿದಂತಿದ್ದ ತಟ್ಟೆ 1200 ಡಿಗ್ರಿ ದಾಟುವ ಕಿಲ್ನ್, ಅಂದರೆ ಸುಡುವ ಗೂಡಿನ ಒಳಗೆ ಹೋಯಿತು. ಬಣ್ಣ ನಂಬಿಕೆಯ ಮೇಲೆ, ಫೀಸು ಮಾತ್ರ ಮುಂಗಡ.

ಹಳಬರೇ ಜಾಣರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಕಪ್ಪು-ಕೆಂಪು ಮಡಕೆಗಳು ಸಿಕ್ಕಿದ್ದವು. ಇಂಥ ಮಡಕೆಗಳನ್ನು ಬಾಯಿ ಕೆಳಗೆ ಮಾಡಿ ಸುಡುತ್ತಿದ್ದರಂತೆ. ಗಾಳಿ ತಾಗದ ಒಳಭಾಗ, ಬಾಯಂಚು ಕಪ್ಪು. ಗಾಳಿ ತಾಗಿದ ಹೊರಮೈ ಕೆಂಪು. ಡಬ್ಬಿಯಿಲ್ಲ, ಬ್ರಶ್ಶಿಲ್ಲ, ಎರಡು ಬಣ್ಣ. ಮುಖ್ಯವಾಗಿ, ನವಿಲಿಲ್ಲ.

ಕಿಲ್ನ್ ತಣಿದು ತಟ್ಟೆ ಕೈಗೆ ಬಂತು. ನೀಲಿ ಏನೋ ಸೊಗಸಾಗಿಯೇ ಬಂದಿತ್ತು. ಆದರೆ ಗ್ಲೇಜ್ ಕರಗಿ ಅಂಚಿನಿಂದ ನಡುವಿಗೆ ಜಾರಿ, ಗರಿಗಳೆಲ್ಲ ಒಂದಾಗಿ ಕೂತಿದ್ದವು. ಅಮ್ಮ ಒಂದು ನಿಮಿಷ ನೋಡಿ, ಏನೂ ಹೇಳದೆ ಶೋಕೇಸಿನಲ್ಲಿಟ್ಟರು.

ಹಬ್ಬಕ್ಕೆ ಶಿರಸಿಯಿಂದ ದೊಡ್ಡಪ್ಪ ಬಂದರು. ತಹಶೀಲ್ದಾರರಾಗಿ ನಿವೃತ್ತರಾದವರು. ಕನ್ನಡಕ ಸರಿಮಾಡಿಕೊಂಡು, “ಉತ್ತರ ಕನ್ನಡ ಜಿಲ್ಲೆ ಮ್ಯಾಪು! ಎಷ್ಟು ಚೆಂದ ಬರ್ದಿದೀಯೇ ತಂಗಿ” ಎಂದರು.

“ಭಾವ, ಅದು ನವಿಲು” ಎಂದರು ಅಮ್ಮ.

ದೊಡ್ಡಪ್ಪ ಒಪ್ಪಲಿಲ್ಲ. ಗಳಗಂಡದ ಮೇಲೆ ಬೆರಳಿಟ್ಟು, “ಇದು ಸೂಪಾ ಡ್ಯಾಮು” ಎಂದರು. ಬಾಲದ ತುದಿಗೆ ಬಂದು ಸ್ವಲ್ಪ ಯೋಚಿಸಿದರು. “ಭಟ್ಕಳ ಮಾತ್ರ ಜಾಸ್ತಿ ಉದ್ದ ಆಯ್ತು ನೋಡು.”