ಸತ್ಯಾಂಶ: ಸೋಪಾ ವಿರೋಧಿಸಿದವರೆಲ್ಲ ಪೈರಸಿ ಪರವಾ?

'ಅಮೆರಿಕದ ಸೋಪಾ ಮಸೂದೆಯನ್ನು ವಿರೋಧಿಸಿದವರಿಗೆ ಬೇಕಿದ್ದದ್ದು ಬಿಟ್ಟಿ ಸಿನಿಮಾ ಅಷ್ಟೇ' ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಸೋಪಾ ಅಂದರೆ ಇಂಟರ್ನೆಟ್‌ನಲ್ಲಿ ಸಿನಿಮಾ, ಹಾಡು ಕದ್ದು ಹಂಚುವುದನ್ನು (ಪೈರಸಿ) ತಡೆಯಲೆಂದು 2011ರಲ್ಲಿ ತಂದ ಮಸೂದೆ. ಕದ್ದ ಪ್ರತಿಗಳನ್ನು ತೆಗೆಸಲು ಅಲ್ಲಿ 1998ರಿಂದಲೇ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾನೂನು ಇದೆ. ತಕರಾರು ಇದ್ದದ್ದು ಸೋಪಾದಲ್ಲಿದ್ದ, ಇಡೀ ತಾಣವನ್ನೇ ಮುಚ್ಚಿಸುವ ದಾರಿಯ ಬಗ್ಗೆ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಸೋಪಾ ಬರುವ ಮುಂಚೆಯೇ, 2010ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಡಜಾಜ್1 ಎಂಬ ಹಿಪ್‌ಹಾಪ್ ಸಂಗೀತ ತಾಣದ ಡೊಮೇನ್ (ವೆಬ್ ವಿಳಾಸ) ಕಿತ್ತುಕೊಂಡಿತು. ಒಂದು ವರ್ಷಕ್ಕೂ ಜಾಸ್ತಿ ಹಿಡಿದಿಟ್ಟುಕೊಂಡು, ಒಂದೂ ಆರೋಪ ಹೊರಿಸದೆ ವಾಪಸ್ ಕೊಟ್ಟಿತು. ತಾಣದವರು ಹೇಳಿದಂತೆ, ತಕರಾರಿನ ಹಾಡುಗಳು ಪ್ರಚಾರಕ್ಕೆಂದು ಸಂಗೀತದವರೇ ಕಳಿಸಿದ್ದವು. ವಿಚಿತ್ರ ಅಲ್ವಾ?

ಡೊಮೇನ್ ಮಟ್ಟದಲ್ಲಿ ತಡೆದರೆ ಇಂಟರ್ನೆಟ್ ಭದ್ರತೆಯೇ ಕೆಡುತ್ತದೆ ಎಂದು ಎಂಜಿನಿಯರ್‌ಗಳೂ ಎಚ್ಚರಿಸಿದ್ದರು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಬಾಗಿಲು ಹಾಕಿ ಪ್ರತಿಭಟಿಸಿತು. ಎರಡೇ ದಿನಕ್ಕೆ ಮಸೂದೆ ಮೂಲೆ ಸೇರಿತು.